ಕಂದಿನೊಳಗೆ ಕೂತು ಬರುವ ಕಾಯಿಲೆ

ಮಚ್ಚಿನ ಅಲಗಿನಿಂದ ಬಾಳೆಗೆಡ್ಡೆಯ ಸಿಪ್ಪೆ ಹೆರೆಯುತ್ತಿದ್ದ ಯಜಮಾನರು ಕೈ ನಿಲ್ಲಿಸಿ, ‘ಇಲ್ಲಿ ಒಸಿ ಬಗ್ಗಿ ನೋಡಿ ಸಾ’ ಎಂದರು. ಬೆಳ್ಳನೆಯ ತಿರುಳಿನಲ್ಲಿ ಪೆನ್ಸಿಲ್ ತೂರುವಷ್ಟು ಅಗಲದ ಕರಿ ಸುರಂಗ. ಅದರ ಕೊನೆಯಲ್ಲಿ ಕಾಲಿಲ್ಲದ, ಕೆಂಚು ತಲೆಯ, ಕೆನೆ ಬಣ್ಣದ ಮರಿಹುಳು ಮುದುರಿಕೊಂಡಿತ್ತು. ಗೆಡ್ಡೆ ಕೊರೆಯುವ ಮೂತಿಹುಳುವಿನ ಮರಿ. ಯಜಮಾನರು ಅದನ್ನು ಮಚ್ಚಿನ ತುದಿಯಲ್ಲೇ ಎಬ್ಬಿಸಿ ಕೋಳಿಯತ್ತ ಎಸೆದು, ಕಂದನ್ನು ಬದಿಗಿಟ್ಟು, ಇನ್ನೊಂದನ್ನು ಎಳೆದುಕೊಂಡರು.

ನಂಜನಗೂಡು ತಾಲ್ಲೂಕಿನ ಆ ತೋಟಕ್ಕೆ ನಾನು ಹೋದದ್ದು ರಸಬಾಳೆಯ ಆಸೆಗೆ. ಪೇಟೆಯಲ್ಲಿ ಆ ಹೆಸರಿನಲ್ಲಿ ಮಾರುವುದೆಲ್ಲ ರಸಬಾಳೆಯಲ್ಲ ಎಂಬುದು ತಿಂದವರಿಗೆ ಗೊತ್ತು. ತೆಳು ಸಿಪ್ಪೆ, ಬೆಣ್ಣೆಯಂಥ ತಿರುಳು, ಕೋಣೆಯಲ್ಲಿಟ್ಟರೆ ಹಜಾರಕ್ಕೆ ಬರುವ ಪರಿಮಳ. ಈ ಹಣ್ಣಿನ ವಿಷಯದಲ್ಲಿ ನಾನು ಪಕ್ಷಪಾತಿ. ಪಚ್ಚಬಾಳೆ ತಿನ್ನುವವರ ಬಗ್ಗೆ ನನಗೆ ಕನಿಕರವಿದೆ. ಹಣ್ಣು ಕೇಳಿದ್ದಕ್ಕೆ ಯಜಮಾನರು ನಕ್ಕರು. ಗೊನೆಗೆ ಇನ್ನೂ ತಿಂಗಳುಗಳಿದ್ದವು, ಅವರು ಆಗಷ್ಟೇ ನಾಟಿಗೆ ಕಂದು ಸಜ್ಜು ಮಾಡುತ್ತಿದ್ದರು. ಕಿರಿದಾದ ಎಲೆಯ, ಬುಡ ದಪ್ಪಗಿದ್ದ ಕತ್ತಿ ಕಂದುಗಳ ರಾಶಿ ಪಕ್ಕದಲ್ಲಿತ್ತು. ನೋಡಲು ಒಂದಕ್ಕಿಂತ ಒಂದು ಚೆಂದ.

ಮುಂದಿನದನ್ನು ಅವರು ಹೆರೆಯಲಿಲ್ಲ, ಗೆಡ್ಡೆಯನ್ನು ಅಡ್ಡಕ್ಕೆ ಕುಯ್ದರು. ಹುಳುವಿನ ಸುಳಿವಿಲ್ಲ, ಸುರಂಗವಿಲ್ಲ. ಆದರೆ ತಿರುಳಿನಲ್ಲಿ ಬಳೆಯ ಆಕಾರಕ್ಕೆ ತುಕ್ಕು ಬಣ್ಣದ ಚುಕ್ಕೆಗಳು. ಕೆಲವು ಹಳದಿ, ಕೆಲವು ಕೆಂಪು ತಿರುಗಿದ ಕಂದು. ಪನಾಮ ಸೊರಗು ರೋಗ.

‘ಹುಳ ಇದ್ರ ಹೆರೀಬೋದು, ಬಿಸಿನೀರ್ಗ ಹಾಕ್ಬೋದು. ಇದ್ಕ ಯಾವ್ದೂ ಇಲ್ಲ ಸಾ. ಬೆಂಕಿಗ ಹಾಕದೇಯ.’

‘ಎಲ್ಲಿಂದ ತಂದಿರಿ?’

‘ತಂಗಿ ಮನೆಯಿಂದ ಬಂದದ್ದು. ಬ್ಯಾಡ ಅನ್ನಕ್ಕಾದದಾ?’

ಬಾಳೆಯ ರೋಗಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯಲ್ಲಿದೆ ಎಂದು ನನಗೀಗ ಅನ್ನಿಸುತ್ತಿದೆ. ನಾವು ತಿನ್ನುವ ಬಾಳೆಗೆ ಬೀಜವಿಲ್ಲ. ಒಂದು ತೋಟ ಎದ್ದಿತೆಂದರೆ ಅದು ಇನ್ನೊಂದು ತೋಟದ ತುಂಡು. ಊರಿಂದೂರಿಗೆ ಗಿಡ ಹೋದದ್ದು ಬುಟ್ಟಿಯಲ್ಲಿ, ಗಾಡಿಯಲ್ಲಿ, ಬಸ್ಸಿನ ಮೇಲೆ, ಈಗ ಲಾರಿಯಲ್ಲಿ. ರೋಗಕ್ಕೆ ಬೇರೆ ಟಿಕೆಟ್ ಬೇಕಿಲ್ಲ. ಹಾಗೆ ಬರುವ ಕಂದು ಬಹುಪಾಲು ಪುಕ್ಕಟೆ, ಪ್ರೀತಿಯದು. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಗಾದೆಯನ್ನು ನಾವು ಬಾಳೆಯ ವಿಷಯದಲ್ಲಿ ಅಕ್ಷರಶಃ ಪಾಲಿಸಿದ್ದೇವೆ.

ಸೊರಗು ರೋಗದ ಶಿಲೀಂಧ್ರ, ಫ್ಯುಸೇರಿಯಂ, ಮಣ್ಣಿನಿಂದ ಬೇರಿಗೆ ನುಗ್ಗಿ ನೀರು ಹರಿಯುವ ನಾಳಗಳಲ್ಲಿ ಬೀಡು ಬಿಡುತ್ತದೆ. ಹಳೆಯ ಎಲೆಗಳ ಅಂಚು ಹಳದಿಯಾಗಿ, ತೊಟ್ಟಿನಲ್ಲಿ ಮುರಿದು, ಲಂಗದಂತೆ ದಿಂಡಿನ ಸುತ್ತ ಜೋತು ಬೀಳುತ್ತವೆ. ಮೋಸವಿರುವುದು ಅದಕ್ಕೂ ಮೊದಲು. ತಾಯಿಗಿಡ ಹಸಿರಾಗಿರುವಾಗಲೇ ಅದರ ಕಂದಿನೊಳಗೆ ಶಿಲೀಂಧ್ರ ಸೇರಿರಬಹುದು. ಒಮ್ಮೆ ನೆಲಕ್ಕಿಳಿದ ಮೇಲೆ ಗಟ್ಟಿಕವಚದ ಬೀಜಾಣುಗಳಾಗಿ ದಶಕಗಟ್ಟಲೆ ಮಣ್ಣಿನಲ್ಲಿ ಕಾಯುತ್ತದೆ. ದೇವರಸನಹಳ್ಳಿಯ ಸುತ್ತಮುತ್ತ ಹಬ್ಬಿದ್ದ ರಸಬಾಳೆ ಕೈಬೆರಳಿನಲ್ಲಿ ಎಣಿಸುವಷ್ಟು ತೋಟಗಳಿಗೆ ಇಳಿಯಲು ಮುಖ್ಯ ಕಾರಣ ಇದೇ. ಜಿಐ ಮಾನ್ಯತೆ ಬರುವ ಹೊತ್ತಿಗೆ ಕಾಪಾಡಲು ಉಳಿದಿದ್ದದ್ದು ಹೆಸರೇ ಹೆಚ್ಚು, ಹಣ್ಣು ಕಡಿಮೆ.

ಹೊರಗಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಈ ರೋಗವನ್ನು ಜೋಸೆಫ್ ಬ್ಯಾಂಕ್ರಾಫ್ಟ್ ಮೊದಲು ಗುರುತಿಸಿದ್ದು 1870ರ ದಶಕದಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಳಿ. ಮಧ್ಯ ಅಮೆರಿಕದ ಕಂಪನಿ ತೋಟಗಳಲ್ಲಿ ಅದು ಗ್ರೋ ಮಿಷೆಲ್ ತಳಿಯನ್ನು ನುಂಗಿತು. 1960ರ ಹೊತ್ತಿಗೆ ರಫ್ತು ವ್ಯಾಪಾರ ಕ್ಯಾವೆಂಡಿಶ್ ಕಡೆಗೆ ತಿರುಗಿತ್ತು. ಆ ಕ್ಯಾವೆಂಡಿಶ್‌ಗೂ ಈಗ ಅದೇ ಶಿಲೀಂಧ್ರದ ನಾಲ್ಕನೇ ಪ್ರಭೇದದ ಉಷ್ಣವಲಯದ ರೂಪ, ಅಂದರೆ ಟಿಆರ್4, ಬೆನ್ನು ಹತ್ತಿದೆ. 1997ರಲ್ಲಿ ಆಸ್ಟ್ರೇಲಿಯಾದ ಉತ್ತರ ಪ್ರಾಂತ್ಯ, 2019ರಲ್ಲಿ ಕೊಲಂಬಿಯ, 2021ರಲ್ಲಿ ಪೆರು. ನಮ್ಮಲ್ಲಿ ಬಿಹಾರದ ಕಟಿಹಾರ್, ಉತ್ತರ ಪ್ರದೇಶದ ಫೈಜಾಬಾದ್ ಕಡೆಯ ತೋಟಗಳಲ್ಲಿ ಪತ್ತೆಯಾಗಿದೆ. ಸಾಗರ ದಾಟುವ ಶಕ್ತಿ ಬೂಜಿಗಿಲ್ಲ. ದಾಟಿಸುವುದು ಕಂದು, ಮಣ್ಣು, ಮಣ್ಣು ಮೆತ್ತಿದ ಬೂಟು.

ಬೇರುಕೊರಕ ಜಂತುಹುಳುವಿನ ಪ್ರಯಾಣವೂ ಇದೇ ದಾರಿ. ನೇಥನ್ ಕಾಬ್ ಅದನ್ನು 1893ರಲ್ಲಿ ಬಣ್ಣಿಸಿದ್ದು ಫಿಜಿಯ ಬಾಳೆಬೇರಿನಿಂದ. ಈಗ ಅದು ಉಷ್ಣವಲಯದ ಬಾಳೆಸೀಮೆಯ ಬಹುಭಾಗದಲ್ಲಿದೆ. ಗಾಳಿ ಬೀಸಿದ ದಿನ ಗೊನೆಸಮೇತ ಗಿಡ ಬುಡ ಮೇಲಾದರೆ ನಾವು ಗಾಳಿಯನ್ನು ಬೈಯುತ್ತೇವೆ. ಬೇರು ತಿಂದವರನ್ನು ಯಾರೂ ಅಗೆದು ನೋಡುವುದಿಲ್ಲ.

ಬೆಳಕಿಗೆ ಹಿಡಿದ ಎಲೆ

ಯಜಮಾನರ ಬದುವಿನಾಚೆ ಗುತ್ತಿಗೆಗೆ ಕೊಟ್ಟ ಹೊಲದಲ್ಲಿ ನೇಂದ್ರ ಬಾಳೆ ಇತ್ತು. ವಯನಾಡು ಕಡೆಯವರು ಶುಂಠಿ, ನೇಂದ್ರಕ್ಕೆಂದು ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಜಮೀನು ಹಿಡಿಯುವುದು ಹೊಸದೇನಲ್ಲ. ಸಾಲಿನ ಕೊನೆಯಲ್ಲಿ ಒಂದು ಗಿಡ ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿತ್ತು. ಎಲೆಗಳು ಕಿರಿದಾಗಿ, ನೆಟ್ಟಗೆ, ಒಂದರ ಮೇಲೊಂದು ಒತ್ತಿಕೊಂಡು ತುದಿಯಲ್ಲಿ ಗೊಂಚಲಾಗಿದ್ದವು. ರೈತರ ಬಾಯಲ್ಲಿ ಬಂಚಿಟಾಪ್.

ಯಜಮಾನರು ಎಳೆಯ ಎಲೆಯೊಂದನ್ನು ಬಗ್ಗಿಸಿ, ಅದರ ಬೆನ್ನನ್ನು ನನ್ನತ್ತ ತಿರುಗಿಸಿ ಸೂರ್ಯನಿಗೆ ಹಿಡಿದರು. ಸಣ್ಣ ನರಗಳ ಗುಂಟ ಕಡುಹಸಿರು ಗೆರೆಗಳು, ಅಲ್ಲಲ್ಲಿ ತುಂಡಾಗಿ: ಒಂದು ಚುಕ್ಕೆ, ಒಂದು ಗೀಟು, ಮತ್ತೆ ಎರಡು ಚುಕ್ಕೆ. ನಡುದಿಂಡಿನ ಹತ್ತಿರ ಬಂದಾಗ ಗೆರೆ ಕೊಕ್ಕೆಯಾಗಿ ಬಾಗಿತ್ತು. ತಂತಿ ಸಂಕೇತದಂತಿರುವ ಈ ಗುರುತಿನ ಬಗ್ಗೆ ಓದಿದ್ದೆ. ಕಣ್ಣಾರೆ ಕಂಡದ್ದು ಅಲ್ಲೇ. ರೋಗ ಪತ್ತೆಗೆ ಪ್ರಯೋಗಾಲಯವೇ ಬೇಕು ಎನ್ನುವವರಿಗೆ ಈ ಎಲೆ ತೋರಿಸಬೇಕು.

ಬಂಚಿಟಾಪ್ ತರುವ ವೈರಸ್ಸಿನ ಚರಿತ್ರೆ ಎಂದರೆ ಕಂದು ಸಾಗಣೆಯ ಚರಿತ್ರೆಯೇ. ಫಿಜಿಯಲ್ಲಿ ಅದು 1889ರಲ್ಲಿ ದಾಖಲಾಯಿತು. 1913ರಲ್ಲಿ ಅಲ್ಲಿಂದ ನಾಟಿ ಗೆಡ್ಡೆಗಳ ಜತೆ ಆಸ್ಟ್ರೇಲಿಯಾಕ್ಕೆ ಹೋಯಿತು. ಅದೇ ವರ್ಷ ಸಿಲೋನಿನಲ್ಲೂ ಕಾಣಿಸಿಕೊಂಡು, 1940ರ ಸುಮಾರಿಗೆ ಕೇರಳಕ್ಕೆ ಬಂತು. ತಮಿಳುನಾಡಿನ ಪಳನಿ ಬೆಟ್ಟದ ವಿರೂಪಾಕ್ಷಿ ಬಾಳೆ, ಕಾಫಿ ತೋಟದ ನೆರಳಲ್ಲಿ ಬೆಳೆದು ಬೇಗ ಕೆಡುವುದಿಲ್ಲವೆಂದು ಹೆಸರಾದದ್ದು, 1970ರ ದಶಕದಲ್ಲಿ ಸುಮಾರು 18,000 ಹೆಕ್ಟೇರಿನಲ್ಲಿತ್ತು. ಬಂಚಿಟಾಪ್ ಹೊಕ್ಕ ಮೇಲೆ ಉಳಿದದ್ದು 2,000 ಹೆಕ್ಟೇರ್.

ಈ ವೈರಸ್ ಮುಂದೆ ಗೆದ್ದ ಒಬ್ಬನೇ ಮನುಷ್ಯ ಎಂದರೆ ಬಹುಶಃ ಸಿ. ಜೆ. ಮಗೀ. ಆ ಆಸ್ಟ್ರೇಲಿಯನ್ ವಿಜ್ಞಾನಿ 1920ರ ದಶಕದಲ್ಲಿ ಎರಡು ವಿಷಯ ಸಾಬೀತು ಮಾಡಿದ. ಹತ್ತಿರದ ಗಿಡಕ್ಕೆ ರೋಗ ದಾಟಿಸುವುದು ಬಾಳೆ ಸಸ್ಯಹೇನು. ದೂರದ ಊರಿಗೆ ದಾಟಿಸುವುದು ಕಂದು. ರೋಗ ಹತ್ತಿದ ಬುಡದಿಂದ ಎದ್ದ ಕಂದುಗಳಿಗೆಲ್ಲ ರೋಗವಿರುತ್ತದೆ, ಹತ್ತಿದ ಗಿಡ ಎಂದೂ ಚೇತರಿಸಿಕೊಳ್ಳುವುದಿಲ್ಲ. ಆಮೇಲಿನ ಕೆಲಸ ಮಾಡಿದ್ದು ವಿಜ್ಞಾನಕ್ಕಿಂತ ಕಟ್ಟುನಿಟ್ಟು: ತೋಟಗಳ ನೋಂದಣಿ, ಇನ್‌ಸ್ಪೆಕ್ಟರುಗಳ ಓಡಾಟ, ಕಂಡ ಗಿಡದ ನಾಶ, ಅನುಮತಿಯಿಲ್ಲದೆ ಕಂದು ಸಾಗಿಸಿದರೆ ಶಿಕ್ಷೆ. 1930ರ ದಶಕದಲ್ಲಿ ಅಲ್ಲಿನ ಬಾಳೆ ಮತ್ತೆ ಎದ್ದು ನಿಂತಿತು.

ಕಾನೂನು ನಮಗೂ ಇದೆ. 1914ರ ಕೀಟ ಮತ್ತು ಪೀಡೆ ಕಾಯ್ದೆಯಡಿ ಬಂಚಿಟಾಪ್ ಇರುವ ಕೇರಳ, ತಮಿಳುನಾಡು ಮುಂತಾದ ರಾಜ್ಯಗಳಿಂದ ಬಾಳೆಯ ನಾಟಿ ಸಾಮಗ್ರಿ ಹೊರಗೆ ಒಯ್ಯುವಂತಿಲ್ಲ. ಗಡಿಯಲ್ಲಿ ಮರಳಿನ ಲಾರಿ ತಡೆದದ್ದು ನೋಡಿದ್ದೇನೆ. ಕಂದಿನ ಲಾರಿಗೆ ಕಾಗದ ಕೇಳಿದ್ದನ್ನು ಕಂಡಿಲ್ಲ.

ಗಾಜಿನ ಬಾಟಲಿಯೂ ಬಚಾವಲ್ಲ

ಹಾಗಾದರೆ ಅಂಗಾಂಶ ಕೃಷಿ ಸಸಿ? ಹಳ್ಳಿಯ ಮಾತಿನಲ್ಲಿ ಟಿಶ್ಯೂ ಗಿಡ. ಕಂದಿನ ಬೆಳೆಯುವ ತುದಿಯ ಕೆಲವೇ ಮಿಲಿಮೀಟರ್ ತೆಗೆದು ಬಾಟಲಿಯಲ್ಲಿ ಬೆಳೆಸಿದಾಗ ಹುಳು ಇಲ್ಲ, ಜಂತುಹುಳು ಇಲ್ಲ, ಸೊರಗಿನ ಬೂಜೂ ಇಲ್ಲ. ಜಿ-9 ಎಂಬ ತಳಿ ಇಷ್ಟು ಹಬ್ಬಿದ್ದು ಇದರ ಬಲದಿಂದಲೇ. ಆದರೆ ವೈರಸ್ ಈ ಜರಡಿಯಲ್ಲಿ ನಿಲ್ಲುವುದಿಲ್ಲ. ತಾಯಿಗಿಡದಲ್ಲಿ ಅದಿದ್ದರೆ ಒಂದು ರೋಗ ಸಾವಿರಾರು ಸಸಿಯಾಗಿ, ಟ್ರೇಯಲ್ಲಿ ಸಾಲಾಗಿ ನಿಂತು, ಬಿಲ್ಲಿನ ಸಮೇತ ಮನೆ ಬಾಗಿಲಿಗೆ ಬರುತ್ತದೆ. ಅದಕ್ಕೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಪ್ರಮಾಣೀಕರಣ ವ್ಯವಸ್ಥೆ ತಂದಿತು. ಸಸಿ ಕೊಳ್ಳುವಾಗ ಆ ಚೀಟಿ ಕೇಳುವವರು ಎಷ್ಟು ಮಂದಿ?

ಇಲ್ಲಿಂದ ಮುಂದೆ ನನ್ನನ್ನು ಬಹಳ ದಿನದಿಂದ ಕಾಡುತ್ತಿರುವ ಒಂದು ವಿಚಿತ್ರ. ಬಾಳೆಗೆ ಗೀರು ರೋಗ ತರುವ ಒಂದು ವೈರಸ್ ಗುಂಪಿದೆ. 1990ರ ದಶಕದಲ್ಲಿ ತಳಿ ಅಭಿವೃದ್ಧಿ ಮಾಡುವವರು ತಲೆ ಕೆಡಿಸಿಕೊಂಡರು: ತಂದೆ ಗಿಡ ಆರೋಗ್ಯ, ತಾಯಿ ಗಿಡ ಆರೋಗ್ಯ, ಹುಟ್ಟಿದ ಮರಿಗೆ ವೈರಸ್. ಅದನ್ನು ಹರಡುವ ಹಿಟ್ಟುತಿಗಣೆ ಸುಳಿಯದ ಜಾಗದಲ್ಲೂ ಹಾಗೇ. ಎಲ್ಲಿಂದ ಬಂತು?

ಬಾಳೆಯ ಜೀನಿನೊಳಗಿಂದಲೇ. ನಮ್ಮ ಬಾಳೆಗಳಿಗೆ ಎರಡು ಕಾಡು ಪೂರ್ವಜರು, ಮ್ಯೂಸಾ ಅಕ್ಯುಮಿನಾಟಾ ಮತ್ತು ಮ್ಯೂಸಾ ಬಾಲ್ಬಿಸಿಯಾನಾ. ಬಾಲ್ಬಿಸಿಯಾನಾದ ವಂಶವಾಹಿಯಲ್ಲಿ ಯಾವುದೋ ಕಾಲದಲ್ಲಿ ವೈರಸ್ಸಿನ ತುಣುಕುಗಳು ಸೇರಿಕೊಂಡು, ಕದಡಿ ಹೋಗಿ, ಅಲ್ಲೇ ಉಳಿದಿವೆ. ಪಿತ್ರಾರ್ಜಿತ ಜಮೀನಿನ ಜತೆ ಬಂದ ಹಳೇ ಸಾಲದ ಹಾಗೆ. ಕಾಡುಬಾಳೆ ಅದನ್ನು ಅದುಮಿ ಇಟ್ಟಿರುತ್ತದೆ. ಎರಡು ಪೂರ್ವಜರ ರಕ್ತ ಬೆರೆತ ತಳಿಗಳಲ್ಲಿ ಹಿಡಿತ ಸಡಿಲ. ಬರ ಬಿದ್ದರೆ, ಬಿಸಿಲು–ಚಳಿ ಏರುಪೇರಾದರೆ, ಅಡ್ಡತಳಿ ಮಾಡಿದರೆ, ಕೊನೆಗೆ ಬಾಟಲಿಯಲ್ಲಿ ಬೆಳೆಸಿದರೂ ಆ ತುಣುಕುಗಳು ಮತ್ತೆ ಜೋಡಿಸಿಕೊಂಡು ಜೀವಂತ ವೈರಸ್ಸಾಗಿ ಏಳಬಹುದು. ಶುದ್ಧಿ ಮಾಡಲೆಂದು ಒಯ್ದ ಜಾಗದಲ್ಲೇ ರೋಗ ಎಚ್ಚರಗೊಳ್ಳುವುದೆಂದರೆ ಇದು.

ಇದರಲ್ಲಿ ನಮ್ಮೂರಿನ ಹೆಸರೂ ಸಿಕ್ಕಿಕೊಂಡಿದೆ. ತಮಿಳರು ಪೂವನ್ ಎನ್ನುವ ತಳಿಯನ್ನು ಬಾಳೆ ವಿಜ್ಞಾನಿಗಳು ಲೋಕಕ್ಕೆಲ್ಲ ‘ಮೈಸೂರ್’ ಎಂದು ಪರಿಚಯಿಸಿದ್ದಾರೆ. ಆ ತಳಿಯ ಮೂಲಕ ಗೀರು ವೈರಸ್ಸಿನ ಒಂದು ಪ್ರಭೇದಕ್ಕೂ ಮೈಸೂರಿನ ಹೆಸರು ಅಂಟಿತು. ರೇಷ್ಮೆ, ಮಲ್ಲಿಗೆ, ಪಾಕಿನ ಸಾಲಿಗೆ ಇದನ್ನು ಸೇರಿಸಲು ಯಾವ ಪ್ರವಾಸೋದ್ಯಮ ಇಲಾಖೆಯೂ ಒಪ್ಪಲಾರದು.

ಕಿನ್ಯಾದಲ್ಲಿ ಕೆಲಸ ಮಾಡುವ ವಿಜ್ಞಾನಿ ಲೀನಾ ತ್ರಿಪಾಠಿ ಅವರ ತಂಡ 2019ರಲ್ಲಿ ಕ್ರಿಸ್ಪರ್ ಕತ್ತರಿಯಿಂದ ಆ ತುಣುಕುಗಳನ್ನೇ ಕೆಡಿಸಿ ತೋರಿಸಿತು. ತಿದ್ದಿದ ಗಿಡಗಳನ್ನು ನೀರಿಲ್ಲದೆ ಬಾಡಿಸಿದರೂ ಮುಕ್ಕಾಲು ಪಾಲಿನಲ್ಲಿ ಲಕ್ಷಣ ಕಾಣಲಿಲ್ಲ. ದೊಡ್ಡ ಕೆಲಸ. ಆದರೆ ಅದು ನಮ್ಮ ಬದುವಿಗೆ ಬರುವವರೆಗೆ ರೈತನ ಕೈಲಿರುವುದು ಮಚ್ಚು ಮತ್ತು ಬಿಸಿನೀರಿನ ಡ್ರಮ್ಮು.

ಅವನ್ನೂ ಹಗುರವಾಗಿ ಕಾಣಬೇಕಿಲ್ಲ. ಬೇರು, ಸಿಪ್ಪೆ ಹೆರೆದು ಬಿಳಿ ತಿರುಳು ಕಾಣಿಸಿದ ಗೆಡ್ಡೆಯನ್ನು 50ರಿಂದ 55 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸಿದರೆ ಜಂತುಹುಳು ಸಾಯುತ್ತದೆ, ಮೂತಿಹುಳುವಿನ ಮೊಟ್ಟೆಯೂ ಬಹುಪಾಲು ಹೋಗುತ್ತದೆ. ತಾಪಮಾಪಕ ಇಲ್ಲದೆ ಕೈ ಅದ್ದಿ ನೋಡುವ ಲೆಕ್ಕ ಇದಕ್ಕೆ ನಡೆಯದು: ಕಡಿಮೆಯಾದರೆ ಹುಳು ಉಳಿಯುತ್ತದೆ, ಹೆಚ್ಚಾದರೆ ಗೆಡ್ಡೆ ಬೇಯುತ್ತದೆ. ಸೊರಗು ಮತ್ತು ವೈರಸ್ಸಿಗೆ ಮಾತ್ರ ಈ ಸ್ನಾನ ಏನೂ ಮಾಡದು. ಅವಕ್ಕೆ ಮದ್ದು ಒಂದೇ, ತಾಯಿಗಿಡವನ್ನು ತಿಳಿದು ತರುವುದು.

ನಮ್ಮ ಯೋಜನೆಗಳ ಬಗ್ಗೆ ನನ್ನ ತಕರಾರು ಇಲ್ಲೇ. ರಸಬಾಳೆ ಉಳಿಸುವ ಮಾತು ಬಂದಾಗಲೆಲ್ಲ ಲೆಕ್ಕ ಹೇಳುವುದು ಎಕರೆಯಲ್ಲಿ: ಇಷ್ಟು ಎಕರೆ ವಿಸ್ತರಣೆ, ಇಷ್ಟು ರೈತರಿಗೆ ಸಹಾಯಧನ. ಬೆಲ್ಜಿಯಂನ ಲ್ಯುವೆನ್‌ನಲ್ಲಿ 1,600ಕ್ಕೂ ಹೆಚ್ಚು ಬಾಳೆ ಮಾದರಿಗಳನ್ನು ಕಾಪಾಡುವ ಕೇಂದ್ರ, ಹೊರಗೆ ಕಳಿಸುವ ಗಿಡದ ವೈರಸ್ ಪರೀಕ್ಷೆಯ ಚರಿತ್ರೆಯನ್ನೂ ಬರೆದಿಡುತ್ತದೆ. ನಂಜನಗೂಡಿಗೆ ಬೇಕಾದದ್ದು ಅಷ್ಟು ದೊಡ್ಡ ಕಟ್ಟಡವಲ್ಲ, ಒಂದು ರಿಜಿಸ್ಟರ್. ಈ ಕಂದು ಯಾವ ಬುಡದ್ದು, ಆ ಬುಡವನ್ನು ಯಾರು, ಯಾವಾಗ ಪರೀಕ್ಷಿಸಿದರು, ಯಾರ ತೋಟಕ್ಕೆ ಹೋಯಿತು. ಅದು ಇಲ್ಲದೆ ಎಕರೆ ಹೆಚ್ಚಿಸುವುದೆಂದರೆ ಸರ್ಕಾರದ ಖರ್ಚಿನಲ್ಲಿ ರೋಗ ಹಂಚಿದಂತೆ. ತಂಗಿ ಮನೆಯ ಕಂದಾದರೂ ಇಷ್ಟು ದೂರ ಹೋಗುತ್ತಿರಲಿಲ್ಲ.