ಕುತ್ತಿಗೆಯ ‘ಟಕ್’ ಸದ್ದಿನಾಚೆ

ಪ್ಲೇಸ್‌ಮೆಂಟ್ ಸೀಸನ್ ಶುರುವಾಯಿತೆಂದರೆ ನಮ್ಮ ಹಾಸ್ಟೆಲ್‌ನಲ್ಲಿ ಎರಡಕ್ಕೆ ಭಾರಿ ಬೇಡಿಕೆ: ಆಪ್ಟಿಟ್ಯೂಡ್ ಪುಸ್ತಕ, ನೋವಿನ ಮುಲಾಮು. ಕುತ್ತಿಗೆ ಹಿಡಿಯದವರೇ ಇಲ್ಲ. ಇಂಥವರ ಮೊಬೈಲ್‌ಗೆ ಆ ರೀಲ್ಸ್ ತಾನಾಗಿಯೇ ಬರುತ್ತವೆ. ಕೈರೋಪ್ರಾಕ್ಟರ್ ಕುತ್ತಿಗೆ ತಿರುವುತ್ತಾರೆ, ‘ಟಕ್’ ಎನ್ನುತ್ತದೆ, ರೋಗಿ ನಗುತ್ತಾ ಏಳುತ್ತಾನೆ.

ಆ ಸದ್ದು ಮೂಳೆ ಸರಿದು ಜಾಗಕ್ಕೆ ಕೂತದ್ದಲ್ಲ. ಕೀಲಿನ ದ್ರವದಲ್ಲಿ ಒತ್ತಡ ತಟ್ಟನೆ ಇಳಿದು ಅನಿಲದ ಗುಳ್ಳೆ ಉಂಟಾಗುವುದರಿಂದ ಬರುವ ಸದ್ದು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಕ್ಯಾವಿಟೇಶನ್ ನೆನಪಿರಬಹುದು, ಅದೇ ಇದು!

1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ಊರಿನಲ್ಲಿ ಡಿ.ಡಿ. ಪಾಮರ್ ಈ ಪದ್ಧತಿ ಶುರುಮಾಡಿದರು. ಬೆನ್ನುಮೂಳೆ ಸರಿಯುವುದೇ ರೋಗಗಳ ಮೂಲ ಎಂಬ ಅವರ ವಾದವನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಪೆಟ್ಟು, ವಿಷದ ಜೊತೆಗೆ ಮನಸ್ಸನ್ನೂ ಅವರು ಕಾರಣಗಳ ಪಟ್ಟಿಗೆ ಸೇರಿಸಿದ್ದರು. ಆ ಮಾತು ಬೇರೆ ದಾರಿಯಲ್ಲಿ ಗಟ್ಟಿಯಾಯಿತು. ದೇಹ, ಮನಸ್ಸು, ಸಮಾಜ ಮೂರನ್ನೂ ಕೂಡಿಸಿ ರೋಗವನ್ನು ನೋಡಬೇಕೆಂದು 1977ರಲ್ಲಿ ವೈದ್ಯ ಜಾರ್ಜ್ ಎಂಗೆಲ್ ಬರೆದರು. ಈಗ ಬೆನ್ನುನೋವಿನ ರೋಗಿಯ ಭಯ, ಖಿನ್ನತೆ, ‘ಅಲ್ಲಾಡಿದರೆ ಇನ್ನೂ ಹಾಳಾಗುತ್ತೆ’ ಎಂಬ ನಂಬಿಕೆಗಳನ್ನು ‘ಹಳದಿ ಬಾವುಟ’ ಎನ್ನುತ್ತಾರೆ. ಇವು ಇದ್ದರೆ ನೋವು ದೀರ್ಘಕಾಲ ಉಳಿಯುವ ಸಾಧ್ಯತೆ ಹೆಚ್ಚು.

ನೀವೇ ಗಮನಿಸಿ, ಟೆನ್ಷನ್ ಆದಾಗ ಭುಜ ಗೊತ್ತಿಲ್ಲದೆ ಕಿವಿಯ ಕಡೆ ಏರಿರುತ್ತದೆ. ಗಂಟೆಗಟ್ಟಲೆ ಹಾಗೇ ಕೂತರೆ ಸ್ನಾಯು ಬಿಗಿಯುತ್ತದೆ. ನೋವಿಗೆ ನಿದ್ದೆ ಬಾರದು, ನಿದ್ದೆಗೆಟ್ಟರೆ ನೋವು ಇನ್ನೂ ಜೋರು.

ನನ್ನ ರೂಮ್‌ಮೇಟ್ ಒಂದು ಸೆಂಟರ್‌ನಲ್ಲಿ ಹತ್ತು ಸಿಟ್ಟಿಂಗ್‌ನ ಪ್ಯಾಕೇಜ್ ಕೊಂಡ. ಪ್ರತಿ ಸಲ ಎರಡು ದಿನ ಹಗುರ, ಮುಂದಿನ ಟೆಸ್ಟ್ ಬಂದರೆ ಮತ್ತದೇ. ಅಲ್ಲಿ ಯಾರೂ ಅವನ ದಿನಚರಿ ಕೇಳಲಿಲ್ಲ. ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಹೋದಾಗ ಫಿಸಿಯೋಥೆರಪಿ ಮೇಡಂ ಮೊದಲು ಕೇಳಿದ್ದೇ, “ರಾತ್ರಿ ಎಷ್ಟೊತ್ತಿಗೆ ಮಲಗ್ತೀಯಪ್ಪಾ?” ಎಜುಕೇಷನ್ ಲೋನ್, ಊರಿಂದ ದಿನಾ ಬರುವ ಅಪ್ಪನ ಫೋನು ಎಲ್ಲ ಹೊರಬಂತು. ವ್ಯಾಯಾಮ ಹೇಳಿಕೊಟ್ಟರು, ಸಂಜೆ ನಡೆಯಲು ಹೇಳಿದರು. ನೋವು ಪೂರ್ತಿ ಹೋಗಿಲ್ಲ, ಆದರೆ ನಿದ್ದೆ ಬರುತ್ತಿದೆ.

ಒಳ್ಳೆಯ ಕೈರೋಪ್ರಾಕ್ಟರ್‌ಗಳೂ ಇದನ್ನೆಲ್ಲ ಕೇಳಿಯೇ ಕೈ ಹಾಕುತ್ತಾರೆ. ಕೇಳದಿದ್ದರೆ ನಾವೇ ಹೇಳಬೇಕು. ರೀಲ್ಸ್ ನೋಡಿ ರೂಮಿನಲ್ಲಿ ಒಬ್ಬರ ಕುತ್ತಿಗೆ ಒಬ್ಬರು ತಿರುವುವುದಂತೂ ಬೇಡವೇ ಬೇಡ. ಅಪರೂಪಕ್ಕಾದರೂ ರಕ್ತನಾಳ ಹರಿದು ಪಾರ್ಶ್ವವಾಯು ಆಗಿರುವುದುಂಟು. ಕೈ ಜೋಮು ಹಿಡಿದರೆ, ಬಲ ಕಡಿಮೆಯಾದರೆ ಮೊದಲು ಡಾಕ್ಟರ ಹತ್ತಿರ ಹೋಗಿ.