ಖೊರಾನಾ ಕಟ್ಟಿದ ಸರಪಳಿಗಳು

ಡಿಎನ್‌ಎ ನಾಲ್ಕು ಬಗೆಯ ಘಟಕಗಳ ಉದ್ದನೆಯ ಸರಪಳಿ. ಜೀವಕೋಶ ಅದನ್ನು ಆರ್‌ಎನ್‌ಎ ಆಗಿ ನಕಲು ಮಾಡಿಕೊಳ್ಳುತ್ತದೆ. ಆರ್‌ಎನ್‌ಎಯ ಅಕ್ಷರಗಳು ಎ, ಯು, ಜಿ, ಸಿ. ಇವನ್ನು ಮೂರು ಮೂರಾಗಿ ಓದುತ್ತ, ತ್ರಿಕಕ್ಕೊಂದರಂತೆ ಅಮೈನೊ ಆಮ್ಲ ಪೋಣಿಸಿದರೆ ಪ್ರೋಟೀನು. ಯಾವ ತ್ರಿಕಕ್ಕೆ ಯಾವ ಆಮ್ಲ ಎಂಬ 64 ಮನೆಗಳ ಕೋಷ್ಟಕ ಪಠ್ಯಪುಸ್ತಕದಲ್ಲೇ ಇದೆ. ಅದನ್ನು ಯಾರೋ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದುಕೊಂಡರು ಎಂದುಕೊಂಡಿರುವವರು ಬಹಳ. ಆದರೆ ಆ ಕೋಷ್ಟಕ ತುಂಬಲು ಅಣುಗಳನ್ನು ಕೈಯಾರೆ ಕಟ್ಟಬೇಕಾಯಿತು.

ಕಟ್ಟಿದವರು ಹರಗೋವಿಂದ ಖೊರಾನಾ. ಹುಟ್ಟಿದ್ದು 1922ರಲ್ಲಿ, ಈಗ ಪಾಕಿಸ್ತಾನಕ್ಕೆ ಸೇರಿದ ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ, ತಂದೆ ಪಟವಾರಿ, ಅಂದರೆ ಊರಿನ ಕಂದಾಯ ಗುಮಾಸ್ತ. ಲಾಹೋರಿನಲ್ಲಿ ಓದಿ, ಲಿವರ್‌ಪೂಲಿನಲ್ಲಿ ಪಿಎಚ್.ಡಿ. ಮುಗಿಸಿ, ಜ್ಯೂರಿಕ್‌ನಲ್ಲಿ ರಸಾಯನಶಾಸ್ತ್ರಜ್ಞ ಪ್ರೆಲಾಗ್ ಬಳಿ, ಕೇಂಬ್ರಿಜ್‌ನಲ್ಲಿ ರಸಾಯನಶಾಸ್ತ್ರಜ್ಞ ಟಾಡ್ ಬಳಿ ಪಳಗಿದರು. 1952ರಲ್ಲಿ ಕೆನಡಾದ ವ್ಯಾಂಕೂವರ್, 1960ರಲ್ಲಿ ಅಮೆರಿಕದ ವಿಸ್ಕಾನ್ಸಿನ್. ಕಸುಬು ಅಪ್ಪಟ ಸಾವಯವ ರಸಾಯನಶಾಸ್ತ್ರ.

ಡಿಎನ್‌ಎಯ ಒಂದು ಘಟಕಕ್ಕೆ ಇನ್ನೊಂದನ್ನು ಅಂಟಿಸುವುದು ಸುಲಭವಲ್ಲ. ಪ್ರತಿಕ್ರಿಯೆಗೆ ಸಿದ್ಧವಾಗಿರುವ ಜಾಗಗಳು ಹಲವು. ನಮಗೆ ಬೇಕಾದ್ದು ಒಂದೇ. ಉಳಿದವಕ್ಕೆಲ್ಲ ರಾಸಾಯನಿಕ ಮುಸುಕು ಹಾಕಿ, ಜೋಡಣೆ ಮುಗಿದ ಮೇಲೆ ಸರಪಳಿ ಕಡಿಯದಂತೆ ಮುಸುಕು ತೆಗೆಯಬೇಕು. ಖೊರಾನಾ ತಂಡ ರೂಪಿಸಿದ ಮುಸುಕುಗಳಲ್ಲಿ ಡೈಮಿಥಾಕ್ಸಿಟ್ರೈಟಿಲ್ ಒಂದು. ಆಮ್ಲ ಸೋಕಿದೊಡನೆ ಅದು ಕಳಚಿ ದ್ರಾವಣ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಜೋಡಣೆ ಎಷ್ಟು ಚೆನ್ನಾಗಿ ಆಯಿತೆಂದು ಇಂದಿನ ಡಿಎನ್‌ಎ ಯಂತ್ರಗಳಲ್ಲಿ ಹಲವು ಆ ಬಣ್ಣವನ್ನು ಅಳೆದೇ ಹೇಳುತ್ತವೆ. ಇನ್ನೊಂದು ಲೆಕ್ಕ: ಪ್ರತಿ ಹಂತದಲ್ಲೂ ನೂರಕ್ಕೆ 90 ಪಾಲು ಕೈಗೆ ಬಂದರೂ, ಹತ್ತು ಹಂತ ದಾಟುವಷ್ಟರಲ್ಲಿ ಉಳಿಯುವುದು 35. ಹಾಗಾಗಿ ಅವರು ಗಿಡ್ಡ ತುಣುಕುಗಳನ್ನಷ್ಟೇ ಕಟ್ಟಿ, ಉದ್ದ ಮಾಡುವುದನ್ನು ಕಿಣ್ವಗಳಿಗೆ ಬಿಟ್ಟರು. ಒಂದು ಕಿಣ್ವ ತುಣುಕನ್ನು ಉದ್ದನೆಯ ಡಿಎನ್‌ಎ ಮಾಡಿತು, ಇನ್ನೊಂದು ಅದನ್ನು ಆರ್‌ಎನ್‌ಎಗೆ ನಕಲಿಸಿತು. ರಸಾಯನಶಾಸ್ತ್ರಜ್ಞನೊಬ್ಬ ತನ್ನ ವಿದ್ಯೆಯ ಎಲ್ಲೆ ಅರಿತು ಕಿಣ್ವಕ್ಕೆ ಜಾಗ ಬಿಟ್ಟಿದ್ದು ನನಗೆ ನೊಬೆಲ್‌ಗಿಂತ ದೊಡ್ಡದಾಗಿ ಕಾಣುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. 1961ರಲ್ಲಿ ನಿರೆನ್‌ಬರ್ಗ್ ಮತ್ತು ಮಥಾಯ್ ಎಂಬ ವಿಜ್ಞಾನಿಗಳು, ಬರೀ ಯು ಇರುವ ಆರ್‌ಎನ್‌ಎ ಬರೀ ಫಿನೈಲ್‌ಅಲನೀನ್ ಪೋಣಿಸುತ್ತದೆಂದು ತೋರಿಸಿದ್ದರು. ಎರಡು ಅಕ್ಷರ ಬೆರೆತರೆ? ಖೊರಾನಾ ತಂಡದ ಎಸಿಎಸಿಎಸಿ ಸರಪಳಿಯನ್ನು ಎಲ್ಲಿಂದ ಓದಿದರೂ ಎಸಿಎ, ಸಿಎಸಿ ಎಂಬ ಎರಡೇ ತ್ರಿಕಗಳು ಸರದಿಯಲ್ಲಿ ಬರುತ್ತವೆ. ಪ್ರನಾಳದಲ್ಲಿ ಸಿಕ್ಕಿದ್ದು ಥ್ರಿಯೊನೀನ್, ಹಿಸ್ಟಿಡೀನ್ ಒಂದು ಬಿಟ್ಟು ಒಂದು. ಓದು ಮೂರಕ್ಷರದ್ದೇ ಎಂಬುದು ಇದರಿಂದ ಗಟ್ಟಿಯಾಯಿತು. ಎರಡೆರಡಾಗಿ ಓದಿದ್ದರೆ ಒಂದು ಸರದಲ್ಲಿ ಒಂದೇ ಆಮ್ಲ ಬರಬೇಕಿತ್ತು. ಆದರೆ ಎಸಿಎ ಯಾರದು, ಸಿಎಸಿ ಯಾರದು? ಈ ಪ್ರಯೋಗವೊಂದರಿಂದಲೇ ಅದೂ ತಿಳಿಯಿತೆಂದು ವಿದ್ಯಾರ್ಥಿಗಳು ಮುಂದೆ ಓಡುತ್ತಾರೆ. ತಿಳಿಯುವುದಿಲ್ಲ.

ಅದಕ್ಕೆ ಇನ್ನೊಂದು ಸರಪಳಿ ಬೇಕು: ಸಿಎಎಸಿಎಎಸಿಎಎ. ಓದು ಮೊದಲಕ್ಷರದಿಂದ ಶುರುವಾದರೆ ಉದ್ದಕ್ಕೂ ಸಿಎಎ, ಎರಡನೆಯದರಿಂದ ಎಎಸಿ, ಮೂರನೆಯದರಿಂದ ಎಸಿಎ. ಬಂದದ್ದೂ ಮೂರು ಬೇರೆ ಬೇರೆ ಸರಗಳು: ಗ್ಲುಟಮೀನ್, ಆಸ್ಪರಜೀನ್, ಥ್ರಿಯೊನೀನ್. ಎರಡೂ ಪ್ರಯೋಗಗಳಿಗೆ ಸಮಾನವಾದ ತ್ರಿಕ ಎಸಿಎ, ಸಮಾನವಾದ ಆಮ್ಲ ಥ್ರಿಯೊನೀನ್. ಎಸಿಎ ಥ್ರಿಯೊನೀನ್‌ನದಾಯಿತು, ಸಿಎಸಿ ಹಿಸ್ಟಿಡೀನ್‌ಗೆ ಉಳಿಯಿತು. ಎಂಥ ಸೊಗಸು! ಹೀಗೆಯೇ ಒಂದೊಂದು ಮನೆ ತುಂಬುತ್ತ ಬಂತು. ಜೊತೆಗೆ 64 ತ್ರಿಕಗಳನ್ನೂ ಬಿಡಿಬಿಡಿಯಾಗಿ ತಯಾರಿಸಿ, ನಿರೆನ್‌ಬರ್ಗ್ ತಂಡದ ಇನ್ನೊಂದು ವಿಧಾನದಿಂದಲೂ ತಾಳೆ ನೋಡಿದರು. 1968ರಲ್ಲಿ ಖೊರಾನಾ, ನಿರೆನ್‌ಬರ್ಗ್, ಹಾಲಿ ಎಂಬ ಇನ್ನೊಬ್ಬ ವಿಜ್ಞಾನಿ, ಈ ಮೂವರಿಗೂ ನೊಬೆಲ್ ಬಂತು.

ಖೊರಾನಾ ಅಲ್ಲಿಗೆ ನಿಲ್ಲಲಿಲ್ಲ. 1970ರಲ್ಲಿ ಯೀಸ್ಟಿನ ಒಂದು ಜೀನ್, 77 ಜೋಡಿ ಅಕ್ಷರಗಳದ್ದು, ತಯಾರಾಯಿತು. ಪತ್ರಿಕೆಗಳು ಇಂಥದ್ದನ್ನು ‘ಕೃತಕ ಜೀವ’ ಎಂದು ಬರೆಯುವುದುಂಟು. ಅದು ತಪ್ಪು, ಜೀನ್ ಜೀವವಲ್ಲ. 1976ರಲ್ಲಿ ಎಂಐಟಿಯಲ್ಲಿ ಅವರ ತಂಡ ಕಟ್ಟಿದ ಇನ್ನೊಂದು ಜೀನ್ ಬ್ಯಾಕ್ಟೀರಿಯಾದೊಳಗೆ ಕೆಲಸ ಮಾಡಿಯೂ ತೋರಿಸಿತು.

ಓದುಗರು ಈಗ ಪೆನ್ಸಿಲ್ ಹಿಡಿಯಬೇಕು. ಜಿಯುಎಎ ಎಂಬ ನಾಲ್ಕಕ್ಷರವನ್ನು ಮತ್ತೆ ಮತ್ತೆ ಬರೆದು ಮೂರು ಮೂರಾಗಿ ಕತ್ತರಿಸಿ. ಎಲ್ಲಿಂದ ಶುರುಮಾಡಿದರೂ ನಾಲ್ಕು ತ್ರಿಕಗಳಿಗೊಮ್ಮೆ ಯುಎಎ ಬರುತ್ತದೆ. ಖೊರಾನಾಗೆ ಈ ಸರಪಳಿಯಿಂದ ಉದ್ದನೆಯ ಪ್ರೋಟೀನು ಸಿಗಲೇ ಇಲ್ಲ. ಏಕೆಂದು ಕೋಷ್ಟಕದಲ್ಲಿ ಯುಎಎ ಮನೆ ಹುಡುಕಿ ನೋಡಿ.