ಪರದೆಯ ಮೇಲಿನ ಅರ್ಜಿ ನಮೂನೆ ಮತ್ತು ಅದರ ಕಾಣದ ಭಾಗ: ಅರ್ಜಿದಾರರಿಗೆ ಮಾಹಿತಿ

ಸೇವಾ ಕೌಂಟರಿನಲ್ಲಿ ಅರ್ಜಿದಾರರ ವಿವರಗಳನ್ನು ಗಣಕಯಂತ್ರದಲ್ಲಿ ದಾಖಲಿಸುವಾಗ ಇಡೀ ನಮೂನೆಯು ಒಮ್ಮೆಗೇ ಪರದೆಯ ಮೇಲೆ ಕಾಣುವುದು ಅಪರೂಪ. ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿದರೂ ತಿದ್ದುಪಡಿಗಾಗಿ ಮತ್ತೊಮ್ಮೆ ಅಲೆಯಬೇಕಾಗುವುದರಿಂದ, ಈ ಕಾಣದ ಭಾಗವು ಹೇಗೆ ಉಂಟಾಗುತ್ತದೆ ಎಂಬುದನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ. ಉದಾಹರಣೆಗೆ, 1998ರಲ್ಲಿ ಜಾವಾ 1.2 ಆವೃತ್ತಿಯೊಡನೆ ಬಂದ ಸ್ವಿಂಗ್ ಎಂಬ ಪರಿಕರ ಸಮೂಹವನ್ನು ತೆಗೆದುಕೊಳ್ಳಲಾಗಿದೆ.

ಸ್ವಿಂಗ್‌ನಲ್ಲಿ ಉದ್ದನೆಯ ನಮೂನೆಯನ್ನು ಒಂದು ಪ್ಯಾನೆಲ್ ಮೇಲೆ ಜೋಡಿಸಿ, ಆ ಪ್ಯಾನೆಲ್ಲನ್ನು ಜೆಸ್ಕ್ರಾಲ್‌ಪೇನ್ ಎಂಬ ಚೌಕಟ್ಟಿನೊಳಗೆ ಇಡಲಾಗುತ್ತದೆ. ಚೌಕಟ್ಟಿನ ನಡುವೆ ವ್ಯೂಪೋರ್ಟ್ ಎಂಬ ಕಂಡಿ ಇರುತ್ತದೆ. ನಮಗೆ ಕಾಣುವುದು ಆ ಕಂಡಿಯಷ್ಟೇ; ಹಿಂದಿರುವ ಹಾಳೆ ಬಹು ಉದ್ದವಾಗಿರಬಹುದು. ಪ್ಯಾನೆಲ್ ತನಗೆ ಬೇಕೆಂದು ತಿಳಿಸುವ ಅಳತೆಯು ಕಂಡಿಯ ಅಳತೆಯನ್ನು ಮೀರಿದಾಗ ಮಾತ್ರ ಅಂಚಿನಲ್ಲಿ ಸ್ಕ್ರಾಲ್ ಪಟ್ಟಿ ಮೂಡುತ್ತದೆ.

ತೊಂದರೆಯ ಮೂಲ ಬಹುಮಟ್ಟಿಗೆ ಈ ಅಳತೆಯಲ್ಲಿದೆ. ಅಳತೆಯನ್ನು ಲೆಕ್ಕ ಹಾಕುವುದು ಲೇಔಟ್ ಮ್ಯಾನೇಜರ್. ಅದನ್ನು ಕೈಬಿಟ್ಟು ಪ್ರತಿ ಅಂಕಣವನ್ನೂ ಇಂತಿಷ್ಟು ಪಿಕ್ಸೆಲ್ ದೂರದಲ್ಲಿ ಎಂದು ನೇರವಾಗಿ ನಿಲ್ಲಿಸಿದ ತಂತ್ರಾಂಶದಲ್ಲಿ, ಪ್ಯಾನೆಲ್ಲಿಗೆ ತನ್ನ ಉದ್ದ ತಾನೇ ತಿಳಿಯದು. ಅಳತೆಯನ್ನು ಬೇರೆಯಾಗಿ ತಿಳಿಸದಿದ್ದರೆ ಸ್ಕ್ರಾಲ್ ಪಟ್ಟಿ ಮೂಡುವುದಿಲ್ಲ. ಕೆಳಗಿನ ಅಂಕಣಗಳು ಇದ್ದೂ ಇಲ್ಲದಂತೆ ಆಗುತ್ತವೆ. ಅರ್ಜಿದಾರರು ಅಪ್ರಾಪ್ತ ವಯಸ್ಕರೆಂದು ಗುರುತು ಹಾಕಿದೊಡನೆ ಪೋಷಕರ ವಿವರದ ಅಂಕಣಗಳು ಹೊಸದಾಗಿ ಸೇರುವ ನಮೂನೆಗಳಲ್ಲಿಯೂ ಇದೇ ಅಪಾಯವುಂಟು. ಅಂಕಣ ಸೇರಿಸಿದ ನಂತರ ರೀವ್ಯಾಲಿಡೇಟ್ ಎಂಬ ಆದೇಶ ನೀಡಿ ಜೋಡಣೆಯನ್ನು ಮರುಲೆಕ್ಕ ಮಾಡಿಸತಕ್ಕದ್ದು. ಒಂದೇ ಸಾಲಿನ ಆದೇಶವಾದ್ದರಿಂದ ಮರೆಯುವುದೂ ಸುಲಭ.

ಅಡ್ಡಲಾಗಿ ಮೂಡುವ ಪಟ್ಟಿಗೆ ಕಾರಣ ಬೇರೆ. ಫ್ಲೋ ಲೇಔಟ್ ಎಲ್ಲ ಅಂಕಣಗಳೂ ಒಂದೇ ಸಾಲಿನಲ್ಲಿರುತ್ತವೆಂದು ಭಾವಿಸಿ ಅಗಲವನ್ನು ಕೇಳುತ್ತದೆ. ಪ್ಯಾನೆಲ್ಲಿನ ಅಗಲವು ಕಂಡಿಯ ಅಗಲವನ್ನೇ ಅನುಸರಿಸುವಂತೆ ಸ್ಕ್ರಾಲಬಲ್ ಎಂಬ ವ್ಯವಸ್ಥೆಯ ಮೂಲಕ ಸೂಚಿಸಬಹುದು.

ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ಅಂಶವೊಂದಿದೆ. ಟ್ಯಾಬ್ ಕೀಲಿ ಒತ್ತುತ್ತಾ ಮುಂದುವರಿದಾಗ ಬೆರಳಚ್ಚಿನ ಸರದಿಯು ಕಂಡಿಯ ಕೆಳಗಿರುವ ಅಂಕಣಕ್ಕೂ ಹೋಗುತ್ತದೆ, ಆದರೆ ಹಾಳೆಯು ತಾನಾಗಿ ಮೇಲೆ ಸರಿಯುವುದಿಲ್ಲ. ಆ ಅಂಕಣವನ್ನು ಕಂಡಿಗೆ ತರುವ ಆದೇಶವನ್ನು ತಂತ್ರಾಂಶ ರಚಿಸುವವರೇ ಬರೆದಿರಬೇಕು. ಬರೆಯದಿದ್ದಲ್ಲಿ ಗಣಕ ನಿರ್ವಾಹಕರು ತಮಗೆ ಕಾಣದ ಅಂಕಣದೊಳಗೆ ಬೆರಳಚ್ಚು ಮಾಡುತ್ತಿರುತ್ತಾರೆ. ತಂದೆಯ ಹೆಸರಿನ ಅಂಕಣದಲ್ಲಿ ಊರಿನ ಹೆಸರು ಸೇರುವಂತಹ ತಪ್ಪು ಹೀಗೂ ಆಗಬಹುದು. ಅದಕ್ಕೆ ನಿರ್ವಾಹಕರೊಬ್ಬರನ್ನೇ ಹೊಣೆ ಮಾಡುವುದು ಸರಿಯಲ್ಲ.

ಕನ್ನಡಕ್ಕೆ ವಿಶೇಷವಾದ ಸಮಸ್ಯೆ ಒತ್ತಕ್ಷರದ್ದು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಸರಿಯಾಗಿ ಪಿಕ್ಸೆಲ್‌ಗಳಲ್ಲಿ ನಿಗದಿಪಡಿಸಿದ ಪೆಟ್ಟಿಗೆಯಲ್ಲಿ ಸಾಲಿನ ಕೆಳಗೆ ಇಳಿಯುವ ಒತ್ತುಗಳು ಕತ್ತರಿಸಿಹೋಗುತ್ತವೆ. ಚೆನ್ನಮ್ಮ ಎಂದು ಸರಿಯಾಗಿ ದಾಖಲಾಗಿದ್ದರೂ ಪರದೆಯಲ್ಲಿ ಚೆನಮ ಎಂದು ಕಾಣಬಹುದು. ನಿಜವಾಗಿಯೇ ಚೆನಮ ಎಂದು ದಾಖಲಾಗಿದ್ದರೂ ಹಾಗೆಯೇ ಕಾಣುತ್ತದೆ. ಎತ್ತರವನ್ನು ಅಕ್ಷರಶೈಲಿಯಿಂದಲೇ ಲೆಕ್ಕ ಹಾಕಲು ಲೇಔಟ್ ಮ್ಯಾನೇಜರಿಗೆ ಬಿಟ್ಟಲ್ಲಿ ಈ ಗೊಂದಲ ಬಹುಪಾಲು ನಿವಾರಣೆಯಾಗುತ್ತದೆ.

ರಾಜ್ಯದ ಭೂಮಿ ಯೋಜನೆಯ ಕೇಂದ್ರಗಳಲ್ಲಿ ರೈತರತ್ತ ಮುಖ ಮಾಡಿದ ಎರಡನೆಯ ಪರದೆಯನ್ನು ಇರಿಸಿದ್ದು ಹಲವರಿಗೆ ನೆನಪಿರಬಹುದು. ಅಂತಹ ಪರದೆಯಲ್ಲಿಯೂ ನಿರ್ವಾಹಕರ ಕಂಡಿಯಲ್ಲಿ ಇರುವಷ್ಟೇ ಭಾಗ ಕಾಣುತ್ತದೆ.

ಆದುದರಿಂದ ಅರ್ಜಿದಾರರು ವಿವರಗಳನ್ನು ದೃಢೀಕರಿಸುವ ಮುನ್ನ, ಸ್ಕ್ರಾಲ್ ಪಟ್ಟಿಯನ್ನು ಕೊನೆಯವರೆಗೆ ಎಳೆದು ತೋರಿಸುವಂತೆ ನಿರ್ವಾಹಕರನ್ನು ಕೋರಬಹುದು. ಒತ್ತಕ್ಷರಗಳು ಪರದೆಯಲ್ಲಿ ಸ್ಪಷ್ಟವಾಗಿ ಕಾಣದಿದ್ದರೆ, ಕರಡು ಪ್ರತಿಯನ್ನು ಮುದ್ರಿಸಿ ಕೊಡುವ ಸೌಲಭ್ಯವಿದ್ದಲ್ಲಿ ಅದನ್ನು ಪಡೆದು, ಹೆಸರು ಮತ್ತು ವಿಳಾಸವನ್ನು ಮೂಲ ದಾಖಲೆಯೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಸಹಿ ಮಾಡತಕ್ಕದ್ದು.